ಹಳೆಯ ಡೇಟಾಬೇಸುಗಳ ಜೀರ್ಣೋದ್ಧಾರ

“ನಡೆಯುತ್ತಿರುವ ಯಂತ್ರಕ್ಕೆ ಕೈ ಹಾಕಬೇಡಿ” ಎಂಬ ಮಾತು ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಬಹುಕಾಲದಿಂದ ರೂಢಿಯಲ್ಲಿದೆ. ನೀರೆತ್ತುವ ಪಂಪು, ಗೋಡೆಯ ಗಡಿಯಾರ, ಹಿಟ್ಟಿನ ಗಿರಣಿ ಇವುಗಳ ವಿಷಯದಲ್ಲಿ ಈ ಮಾತಿಗೆ ಒಂದಿಷ್ಟು ಅರ್ಥವುಂಟು. ಸರಿಯಾಗಿ ತಿರುಗುತ್ತಿರುವ ಚಕ್ರವನ್ನು ಸುಮ್ಮನೆ ಬಿಚ್ಚಿ ನೋಡಹೊರಟವನು ಅದನ್ನು ಕೆಡಿಸುವ ಸಂಭವವೇ ಹೆಚ್ಚು. ಆದರೆ ಇಂದು ಇದೇ ಮಾತನ್ನು ನಮ್ಮ ಲೆಕ್ಕಪತ್ರಗಳನ್ನೆಲ್ಲ ಹೊತ್ತು ನಿಂತಿರುವ ಡೇಟಾಬೇಸ್ ಸರ್ವರುಗಳಿಗೂ ಅನ್ವಯಿಸುತ್ತಾರೆ. ಹತ್ತು ಹದಿನೈದು ವರ್ಷಗಳ ಹಿಂದಿನ ಆವೃತ್ತಿಯೊಂದು ಕಚೇರಿಯ ಮೂಲೆಯಲ್ಲಿ ಕೆಲಸ ಮಾಡುತ್ತಿರುತ್ತದೆ. ಅದನ್ನು ಸ್ಥಾಪಿಸಿದವರು ಬಿಟ್ಟುಹೋಗಿ ಎಷ್ಟೋ ಕಾಲವಾಗಿರುತ್ತದೆ. ಉಳಿದವರು ಅದರ ಹತ್ತಿರ ಸುಳಿಯಲೂ ಅಂಜುತ್ತಾರೆ. ಈ ಅಂಜಿಕೆಯನ್ನೇ ಎಚ್ಚರಿಕೆಯೆಂದು ಭಾವಿಸುವುದು ತಪ್ಪು, ಮುಟ್ಟದೆ ಬಿಟ್ಟ ಡೇಟಾಬೇಸು ಸುರಕ್ಷಿತವಾಗಿರುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಆಧಾರಗಳೇನೆಂಬುದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಡೇಟಾಬೇಸ್ ಎಂದರೇನೆಂಬುದನ್ನು ನೆನಪಿಗೆ ತಂದುಕೊಳ್ಳೋಣ. 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಪ್ರಯೋಗಶಾಲೆಯಿಂದ ಒಂದು ಪ್ರಬಂಧವನ್ನು ಪ್ರಕಟಿಸಿದನು. ಮಾಹಿತಿಯನ್ನೆಲ್ಲ ಸಾಲುಗಳೂ ಅಂಕಣಗಳೂ ಉಳ್ಳ ಸರಳ ಕೋಷ್ಟಕಗಳಾಗಿ ಬರೆದಿಡಬಹುದು, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಗಣಿತದ ನಿಯಮಗಳಿಂದಲೇ ತಿಳಿಯಬಹುದು ಎಂಬುದು ಅದರ ತಿರುಳು. ವಿದ್ಯಾರ್ಥಿಗಳ ಹೆಸರು ಒಂದು ಕೋಷ್ಟಕದಲ್ಲಿ, ಅವರು ಪಡೆದ ಅಂಕಗಳು ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವುದು ನೋಂದಣಿ ಸಂಖ್ಯೆ. ಇಂತಹ ವ್ಯವಸ್ಥೆಗೆ ಸಂಬಂಧಾತ್ಮಕ ಡೇಟಾಬೇಸ್ ಎಂದು ಹೆಸರು. ಕೋಷ್ಟಕಗಳನ್ನು ಕಾಪಾಡಿ, ಕೇಳಿದವರಿಗೆ ಉತ್ತರ ಕೊಡುವ ತಂತ್ರಾಂಶವೇ ಅದರ ಸರ್ವರ್. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಾಗದದಿಂದ ಗಣಕಕ್ಕೆ ಬಂದವು. ಒಬ್ಬ ರೈತನ ಹೊಲದ ಹಕ್ಕು ಇಂದು ಇಂತಹ ಕೋಷ್ಟಕವೊಂದರ ಒಂದು ಸಾಲಿನಲ್ಲಿ ಅಡಗಿದೆ ಎಂದರೆ, ಈ ಕೋಷ್ಟಕಗಳ ಆರೋಗ್ಯ ಎಷ್ಟು ದೊಡ್ಡ ವಿಷಯವೆಂಬುದು ಯಾರಿಗಾದರೂ ಅರಿವಾದೀತು.

ಕಬ್ಬಿಣ ತುಕ್ಕು ಹಿಡಿಯುತ್ತದೆ, ಚರ್ಮದ ಪಟ್ಟಿ ಸವೆಯುತ್ತದೆ, ತಂತ್ರಾಂಶಕ್ಕೆ ಸವೆತವೆಲ್ಲಿಯದು? ಅದು ಹೇಗೆ ಹಳೆಯದಾಗುತ್ತದೆ? ಈ ಪ್ರಶ್ನೆ ಸಹಜವಾದದ್ದೇ. ತಂತ್ರಾಂಶದ ಒಂದು ಅಕ್ಷರವೂ ಸವೆಯುವುದಿಲ್ಲ, ನಿಜ. ಆದರೆ ಅದರೊಳಗೆ ಮೊದಲಿನಿಂದಲೂ ಅಡಗಿದ್ದ ದೋಷಗಳು ಕಾಲಕ್ರಮದಲ್ಲಿ ಬೆಳಕಿಗೆ ಬರುತ್ತವೆ. ದೋಷ ಬಯಲಾದ ಮೇಲೆ ಅದನ್ನು ಮುಚ್ಚುವ ತೇಪೆಯನ್ನು ತಯಾರಕರು ಕೊಡುತ್ತಾರೆ; ಆದರೆ ಎಲ್ಲ ಆವೃತ್ತಿಗಳಿಗೂ ಎಂದೆಂದಿಗೂ ಕೊಡುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ಸರ್ವರಿನ ಪ್ರತಿಯೊಂದು ಮುಖ್ಯ ಆವೃತ್ತಿಗೂ 5 ವರ್ಷಗಳ ಆಸರೆ ಮಾತ್ರ. 2015ರ ಅಕ್ಟೋಬರಿನಲ್ಲಿ ಬಂದ ಮೈಎಸ್‌ಕ್ಯೂಎಲ್ 5.7ನೆಯ ಆವೃತ್ತಿಗೆ 2023ರ ಅಕ್ಟೋಬರಿನಲ್ಲಿ ಆ ಆಸರೆ ತಪ್ಪಿತು. ಅಲ್ಲದೆ ಸರ್ವರಿನ ಸುತ್ತಲಿನ ಪರಿಸರವೂ ಬದಲಾಗುತ್ತಿರುತ್ತದೆ. ಮುಟ್ಟದೆ ಬಿಟ್ಟ ವಸ್ತು ಇದ್ದಂತೆಯೇ ಇದ್ದರೂ ಅದು ನಿಂತ ನೆಲ ಜರುಗುತ್ತದೆ.

ಮೊದಲನೆಯ ಅಪಾಯಕ್ಕೆ 2003ರ ಜನವರಿ 25ರಂದು ನಡೆದ ಘಟನೆಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಅಂದು ‘ಸ್ಲಾಮರ್’ ಎಂದು ಹೆಸರಾದ ಗಣಕ ಹುಳುವೊಂದು ಅಂತರಜಾಲಕ್ಕೆ ಇಳಿಯಿತು. ಅದರ ಗಾತ್ರ ಕೇವಲ 376 ಬೈಟು. ಈ ಪುಟದ ಒಂದೆರಡು ವಾಕ್ಯಗಳಿಗಿಂತ ದೊಡ್ಡದಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿದ್ದ ಒಂದು ದೋಷದ ಮೂಲಕ ಅದು ಒಳಹೊಗುತ್ತಿತ್ತು. ಮೊದಲ ನಿಮಿಷದಲ್ಲಿ ಸುಮಾರು 8.5 ಸೆಕೆಂಡಿಗೊಮ್ಮೆ ಅದರ ಸಂಖ್ಯೆ ಇಮ್ಮಡಿಯಾಗುತ್ತ ಹೋಯಿತು. 10 ನಿಮಿಷಗಳೊಳಗೆ ಜಗತ್ತಿನಲ್ಲಿ ಆ ದೋಷಕ್ಕೆ ತೆರೆದುಕೊಂಡಿದ್ದ ಯಂತ್ರಗಳ ಪೈಕಿ ಶೇಕಡ 90ಕ್ಕೂ ಹೆಚ್ಚಿನವನ್ನು ಅದು ತಾಕಿತು. ಕನಿಷ್ಠ 75,000 ಯಂತ್ರಗಳಿಗೆ ಸೋಂಕು ತಗುಲಿತು. ಅದು ಕೋಷ್ಟಕಗಳನ್ನು ಅಳಿಸಲಿಲ್ಲ. ತನ್ನ ಪ್ರತಿಗಳನ್ನು ಎಡೆಬಿಡದೆ ಹೊರಗೆಸೆದು ಜಾಲಗಳನ್ನು ಉಸಿರುಕಟ್ಟಿಸಿತು. ಅಮೆರಿಕದಲ್ಲಿ ಬ್ಯಾಂಕಿನ ಎಟಿಎಂಗಳು ನಿಂತವು. ಒಹಾಯೋ ರಾಜ್ಯದ ಡೇವಿಸ್-ಬೆಸ್ ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷೆಯ ಸ್ಥಿತಿಗತಿಯನ್ನು ತೋರಿಸುವ ಗಣಕ ಹತ್ತಿರ ಹತ್ತಿರ 5 ಗಂಟೆಗಳ ಕಾಲ ಕೆಲಸ ಮಾಡಲಿಲ್ಲ. ಸ್ಥಾವರವು ಆಗ ದುರಸ್ತಿಗಾಗಿ ನಿಂತಿದ್ದುದರಿಂದ ಅಪಾಯವಾಗಲಿಲ್ಲ. ಈ ದೋಷವನ್ನು ಮುಚ್ಚುವ ತೇಪೆ 2002ರ ಜುಲೈ ತಿಂಗಳಲ್ಲಿಯೇ, ಅಂದರೆ 6 ತಿಂಗಳ ಹಿಂದೆಯೇ, ಪ್ರಕಟವಾಗಿತ್ತು ಎಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ಔಷಧ ಸಿದ್ಧವಿತ್ತು, ಕುಡಿಸುವವರು ಇರಲಿಲ್ಲ.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. 10 ಲಕ್ಷ ಹೆಸರುಗಳಲ್ಲಿ ಒಂದನ್ನು ಸರ್ವರ್ ಕ್ಷಣಾರ್ಧದಲ್ಲಿ ಹೇಗೆ ಹುಡುಕುತ್ತದೆ? ನಿಘಂಟಿನಲ್ಲಿ ಪದವನ್ನು ಹುಡುಕುವ ರೀತಿಯಲ್ಲಿಯೇ. ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದ ಒಂದು ಸೂಚಿ ಅದರ ಬಳಿ ಇರುತ್ತದೆ. ನಡುವೆ ತೆರೆದು ನೋಡಿ, ಬೇಕಾದ ಹೆಸರು ಹಿಂದಿದೆಯೊ ಮುಂದಿದೆಯೊ ಎಂದು ತಿಳಿದು, ಅರ್ಧವನ್ನು ಬಿಟ್ಟು, ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ ಮಾಡುತ್ತ ಹೋದರೆ 20 ಹೆಜ್ಜೆಗಳಲ್ಲಿ 10 ಲಕ್ಷದಲ್ಲಿ ಒಂದು ಸಿಕ್ಕಿಬಿಡುತ್ತದೆ. ಆದರೆ ಅಕ್ಷರಕ್ರಮದ ನಿಯಮವೇ ನಡುವೆ ಬದಲಾದರೆ? 2018ರ ಆಗಸ್ಟಿನಲ್ಲಿ ಇದೇ ಆಯಿತು. ಲಿನಕ್ಸ್ ಕಾರ್ಯವ್ಯವಸ್ಥೆಯ ಆಧಾರವಾದ ಜಿಲಿಬ್‌ಸಿ ಎಂಬ ತಂತ್ರಾಂಶ ಭಂಡಾರದ 2.28ನೆಯ ಆವೃತ್ತಿಯಲ್ಲಿ ಅಕ್ಷರಕ್ರಮದ ಕೋಷ್ಟಕಗಳನ್ನು ಅಂತರರಾಷ್ಟ್ರೀಯ ಮಾನಕಕ್ಕೆ ಅನುಸಾರವಾಗಿ ತಿದ್ದಿದರು. ಅಮೆರಿಕದ ಇಂಗ್ಲಿಷಿನ ಹಳೆಯ ಕ್ರಮದಲ್ಲಿ ‘11’ ಮೊದಲು, ‘1-1’ ಅನಂತರ. ಹೊಸ ಕ್ರಮದಲ್ಲಿ ‘1-1’ ಮೊದಲು, ‘11’ ಅನಂತರ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಸಾಮಾನ್ಯವಾಗಿ ಈ ಕ್ರಮವನ್ನು ಕಾರ್ಯವ್ಯವಸ್ಥೆಯಿಂದಲೇ ಎರವಲು ಪಡೆಯುತ್ತಿತ್ತು. ಡೇಟಾಬೇಸನ್ನು ಮುಟ್ಟದೆ ಕೇವಲ ಕಾರ್ಯವ್ಯವಸ್ಥೆಯನ್ನು ಹೊಸದು ಮಾಡಿಕೊಂಡವರ ಸೂಚಿಗಳು ಹಳೆಯ ಕ್ರಮದಲ್ಲಿಯೇ ಉಳಿದವು. ಹುಡುಕುವ ಸರ್ವರ್ ಮಾತ್ರ ಹೊಸ ಕ್ರಮವನ್ನು ಅನುಸರಿಸತೊಡಗಿತು. ಇದ್ದ ದಾಖಲೆಯನ್ನು ‘ಇಲ್ಲ’ ಎನ್ನುವುದು, ಒಂದೇ ಇರಬೇಕಾದ ಹೆಸರು ಎರಡು ಬಾರಿ ಸೇರಿಕೊಳ್ಳುವುದು, ಇಂತಹ ವಿಚಿತ್ರ ರೋಗಗಳು ಕಾಣಿಸಿದವು. ಸೂಚಿಗಳನ್ನು ಹೊಸದಾಗಿ ಕಟ್ಟುವುದೇ ಇದಕ್ಕೆ ಮದ್ದು. ಹಳೆಯ ಆವೃತ್ತಿಗಳು ಈ ಬಗ್ಗೆ ಮೌನವಾಗಿದ್ದವು. 2022ರಲ್ಲಿ ಬಂದ 15ನೆಯ ಆವೃತ್ತಿಯಲ್ಲಾದರೋ ಅಕ್ಷರಕ್ರಮದ ಹೊಂದಿಕೆ ತಪ್ಪಿದರೆ ಡೇಟಾಬೇಸಿಗೆ ಸೇರಿದೊಡನೆಯೇ ಎಚ್ಚರಿಸುವ ಏರ್ಪಾಡು ಇದೆ.

ಮೂರನೆಯ ಅಪಾಯ ನಮ್ಮ ಕನ್ನಡಕ್ಕೇ ಸಂಬಂಧಿಸಿದುದು. ಯೂನಿಕೋಡ್ ಸಂಕೇತದ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟುಗಳು ಬೇಕು. ವ್ಯಂಜನಕ್ಕೆ 3, ಅದರ ಕೊಂಬು ಅಥವಾ ಏತ್ವಕ್ಕೆ ಮತ್ತೆ 3. ಮೈಎಸ್‌ಕ್ಯೂಎಲ್ಲಿನ ಹಳೆಯ ಆವೃತ್ತಿಗಳಾದರೋ, ಬೇರೆ ಹೇಳದಿದ್ದರೆ, ಪ್ರತಿಯೊಂದು ಅಕ್ಷರವೂ ಪಶ್ಚಿಮ ಯೂರೋಪಿನ ಒಂದು ಬೈಟಿನ ಅಕ್ಷರವೆಂದೇ ಭಾವಿಸುತ್ತಿದ್ದುವು. ಅಂತಹ ಕಡೆ 20 ಅಕ್ಷರಗಳ ಅಂಕಣ ಎಂದರೆ 20 ಬೈಟುಗಳು ಮಾತ್ರ. ‘ವೆಂಕಟೇಶಯ್ಯ’ ಎಂಬ ಹೆಸರಿನಲ್ಲಿ 10 ಚಿಹ್ನೆಗಳು, ಎಂದರೆ 30 ಬೈಟುಗಳು. 20 ಬೈಟಿನ ಅಂಕಣದಲ್ಲಿ ‘ವೆಂಕಟೇ’ ಎಂಬಲ್ಲಿಗೆ 18 ಬೈಟು ಮುಗಿದು, ಮುಂದಿನ ಅಕ್ಷರದ ಎರಡು ಚೂರುಗಳು ಮಾತ್ರ ಉಳಿಯುತ್ತವೆ, ‘ಶಯ್ಯ’ ಲೋಪವಾಗುತ್ತದೆ. ಹಳೆಯ ಸರ್ವರ್ ತನ್ನ ರೂಢಿಯ ಏರ್ಪಾಡಿನಲ್ಲಿ ಇದನ್ನು ತಡೆಯುತ್ತಿರಲಿಲ್ಲ. ಒಂದು ಚಿಕ್ಕ ಸೂಚನೆಯನ್ನು ಬದಿಗಿಟ್ಟು, ಕತ್ತರಿಸಿದ ಹೆಸರನ್ನೇ ಬರೆದುಕೊಂಡು ‘ಆಯಿತು’ ಎನ್ನುತ್ತಿತ್ತು. 2015ರ 5.7ನೆಯ ಆವೃತ್ತಿಯಿಂದ ಈಚೆಗೆ ಸರ್ವರ್ ಇಂತಹ ಬರವಣಿಗೆಯನ್ನು ಮೊದಲೇ ನಿರಾಕರಿಸುತ್ತದೆ. ವರ್ಷಗಳ ಕಾಲ ‘ಚೆನ್ನಾಗಿ ನಡೆಯುತ್ತಿದ್ದ’ ಯಂತ್ರ ಒಳಗೊಳಗೇ ಜನರ ಹೆಸರುಗಳನ್ನು ತುಂಡರಿಸುತ್ತಿರಬಹುದು. ಹೊಸ ಆವೃತ್ತಿಗೆ ಹೋದ ದಿನ ದೋಷಸೂಚನೆಗಳ ಮಳೆ ಸುರಿದರೆ, ಆ ದೋಷಗಳು ಅಂದು ಹುಟ್ಟಿದುವಲ್ಲ, ಅಂದು ಬಾಯಿಬಿಟ್ಟುವು ಅಷ್ಟೆ. ಕಳೆದುಹೋದ ‘ಶಯ್ಯ’ವನ್ನು ಯಾವ ಹೊಸ ಆವೃತ್ತಿಯೂ ಮರಳಿ ತಂದುಕೊಡಲಾರದು. ಆದುದರಿಂದಲೇ ತಡಮಾಡಿದಷ್ಟೂ ನಷ್ಟ ಬೆಳೆಯುತ್ತದೆ.

ಈಗ ಪ್ರತಿಪಕ್ಷದವರ ಮಾತನ್ನೂ ಕೇಳಬೇಕು. ನವೀಕರಣವೂ ನಿರಪಾಯವಲ್ಲ ಎಂದು ಅವರು ಹೇಳುತ್ತಾರೆ; ಅದು ಸತ್ಯ. ಮೈಎಸ್‌ಕ್ಯೂಎಲ್ 8.0ರಲ್ಲಿ ‘ರ‍್ಯಾಂಕ್’ ಎಂಬ ಇಂಗ್ಲಿಷ್ ಪದವನ್ನು ಸರ್ವರಿನ ಸ್ವಂತ ಉಪಯೋಗಕ್ಕೆ ಕಾದಿರಿಸಿದರು. ಪರೀಕ್ಷಾ ಫಲಿತಾಂಶದ ಕೋಷ್ಟಕದಲ್ಲಿ ಒಂದು ಅಂಕಣಕ್ಕೆ ಇದೇ ಹೆಸರಿಟ್ಟಿದ್ದ ಹಳೆಯ ಕಾರ್ಯಕ್ರಮ ಹೊಸ ಸರ್ವರಿನ ಮುಂದೆ ಮುಗ್ಗರಿಸುತ್ತದೆ. ಇನ್ನೂ ಭಾರಿಯಾದ ಉದಾಹರಣೆಯೂ ಉಂಟು. 2018ರ ಏಪ್ರಿಲ್ ತಿಂಗಳಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ ಗ್ರಾಹಕರ ಲೆಕ್ಕಗಳನ್ನು ಹೊಸ ಗಣಕ ವ್ಯವಸ್ಥೆಗೆ ಸಾಗಿಸಿತು. ಲೆಕ್ಕಗಳು ಸರಿಯಾಗಿಯೇ ಸಾಗಿದುವು. ಆದರೆ ಹೊಸ ವ್ಯವಸ್ಥೆ ಹೊರೆಯನ್ನು ತಾಳದೆ ಹೋಯಿತು. 52 ಲಕ್ಷ ಗ್ರಾಹಕರ ಪೈಕಿ ಬಹು ಮಂದಿ ತೊಂದರೆಗೊಳಗಾದರು. ಎಲ್ಲವೂ ಸರಿಹೋಗಲು ಆ ವರ್ಷದ ಡಿಸೆಂಬರ್ ಬೇಕಾಯಿತು. 2022ರಲ್ಲಿ ನಿಯಂತ್ರಕ ಸಂಸ್ಥೆಗಳು ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಹೆಚ್ಚಿನ ದಂಡ ವಿಧಿಸಿದುವು.

ಇಂತಹ ಉದಾಹರಣೆಗಳಿಂದ ‘ಮುಟ್ಟಬಾರದು’ ಎಂಬ ನಿರ್ಣಯ ಹೊರಡುವುದೆ? ನನಗೆ ಹಾಗೆ ತೋರುವುದಿಲ್ಲ. ಇವುಗಳಿಂದ ಹೊರಡುವುದು ‘ಒಮ್ಮೆಗೇ ಮುಟ್ಟಬಾರದು, ಪರೀಕ್ಷಿಸದೆ ಮುಟ್ಟಬಾರದು’ ಎಂಬ ನಿರ್ಣಯ. ಹತ್ತು ವರ್ಷ ಸುಮ್ಮನಿದ್ದು ಒಂದು ರಾತ್ರಿಯಲ್ಲಿ ಎಲ್ಲವನ್ನೂ ಬದಲಿಸಹೊರಟರೆ ಹತ್ತು ವರ್ಷಗಳ ಬದಲಾವಣೆಯ ಭಾರವೆಲ್ಲ ಒಂದೇ ರಾತ್ರಿ ಮೈಮೇಲೆ ಬೀಳುತ್ತದೆ. ಕೆಲವು ಸರ್ವರುಗಳಲ್ಲಿ ಅಂತಹ ನೆಗೆತಕ್ಕೆ ದಾರಿಯೇ ಇಲ್ಲ. ಮೈಎಸ್‌ಕ್ಯೂಎಲ್ 5.6ರಲ್ಲಿರುವವರು ನೇರವಾಗಿ 8.0ಕ್ಕೆ ಏರಲಾಗದು, ಮೊದಲು 5.7ರ ಮೆಟ್ಟಿಲನ್ನು ಹತ್ತಬೇಕು. ಹೊರಗಿನ ಜಾಲಕ್ಕೆ ಸೇರಿಸದೆ, ಹೊಸ ದಾಖಲೆಗಳನ್ನು ಬರೆಯದೆ, ಕೇವಲ ನೋಡುವುದಕ್ಕಾಗಿ ಇಟ್ಟಿರುವ ಹಳೆಯ ಸರ್ವರೊಂದನ್ನು ಹಾಗೆಯೇ ಬಿಡಬಹುದೆಂದು ನಾನೂ ಒಪ್ಪುತ್ತೇನೆ. ಆದರೆ ಅದು ಯೋಚಿಸಿ ಮಾಡಿದ ನಿರ್ಧಾರವಾಗಿರಬೇಕು, ಮರೆವಿನ ಫಲವಾಗಿರಬಾರದು.

ಮೇಲಕ್ಕೆ ಹತ್ತುವ ಮುನ್ನ ಕೆಳಗಿಳಿಯುವ ದಾರಿಯನ್ನು ನೋಡಿಕೊಂಡಿರಬೇಕು. ಮೈಎಸ್‌ಕ್ಯೂಎಲ್ 8.0ಕ್ಕೆ ಏರಿದ ಕೋಷ್ಟಕಗಳನ್ನು ಇದ್ದಲ್ಲಿಯೇ 5.7ಕ್ಕೆ ಇಳಿಸಲಾಗುವುದಿಲ್ಲ, ಏರುವ ಮೊದಲು ತೆಗೆದಿಟ್ಟ ಬ್ಯಾಕಪ್ ಪ್ರತಿಯೊಂದೇ ಗತಿ. ಆ ಪ್ರತಿ ಇದೆಯೆಂಬ ನಂಬಿಕೆ ಸಾಲದು ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಅನುಭವ ಸಾಕ್ಷಿ. 2017ರ ಜನವರಿ 31ರ ರಾತ್ರಿ ಅಲ್ಲಿಯ ಎಂಜಿನಿಯರೊಬ್ಬರು, ದುರಸ್ತಿಯ ಗಡಿಬಿಡಿಯಲ್ಲಿ, ಉಪ ಸರ್ವರಿನ ಕಡತಗಳನ್ನು ಅಳಿಸುವ ಬದಲು ಮುಖ್ಯ ಸರ್ವರಿನ ಸುಮಾರು 300 ಗಿಗಾಬೈಟುಗಳಷ್ಟು ಕಡತಗಳನ್ನು ಅಳಿಸತೊಡಗಿದರು. ಪ್ರತಿದಿನವೂ ತೆಗೆಯುತ್ತಿದ್ದೇವೆಂದು ನಂಬಿದ್ದ ಬ್ಯಾಕಪ್‌ಗಾಗಿ ಹುಡುಕಿದರೆ ಆ ಸ್ಥಳ ಬರಿದಾಗಿತ್ತು. ಕಾರಣ ಸ್ವಾರಸ್ಯವಾದುದು: ಸರ್ವರ್ ಪೋಸ್ಟ್‌ಗ್ರೆಸ್‌ಕ್ಯೂಎಲ್ 9.6ಕ್ಕೆ ಏರಿತ್ತು, ಪ್ರತಿ ತೆಗೆಯುವ ಉಪಕರಣ ಮಾತ್ರ 9.2ರದು. ಹೊಸ ಸರ್ವರಿನ ಪ್ರತಿಯನ್ನು ಹಳೆಯ ಉಪಕರಣ ತೆಗೆಯಲೊಲ್ಲದು. ಪ್ರತಿದಿನವೂ ಅದು ಸೋಲುತ್ತಿತ್ತು. ಸೋಲನ್ನು ತಿಳಿಸುವ ಇ-ಅಂಚೆಯೂ ನಡುದಾರಿಯಲ್ಲಿ ತಿರಸ್ಕೃತವಾಗುತ್ತಿತ್ತು. ಬೇರೊಂದು ಕೆಲಸಕ್ಕಾಗಿ 6 ಗಂಟೆಗಳ ಹಿಂದೆ ಅಕಸ್ಮಾತ್ತಾಗಿ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಆ 6 ಗಂಟೆಗಳಲ್ಲಿ ಸೇರಿದ್ದ ದಾಖಲೆಗಳು ಹೋದುವು. ಸಂಸ್ಥೆಯವರು ಇದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ತಿಳಿಸಿದುದು ಅವರ ದೊಡ್ಡತನ. ಮರಳಿ ಸ್ಥಾಪಿಸಿ ನೋಡಿರದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ ಎಂಬುದು ಇದರಿಂದ ಕಲಿಯತಕ್ಕ ಪಾಠ.

ಹಾಗಾದರೆ ಹಳೆಯ ಸರ್ವರೊಂದು ಕೈಗೆ ಬಂದವರು ಏನು ಮಾಡಬೇಕು? ಮೊದಲು ಅದರ ಆವೃತ್ತಿಯ ಸಂಖ್ಯೆಯನ್ನೂ ಅದಕ್ಕೆ ಆಸರೆ ತಪ್ಪುವ ದಿನಾಂಕವನ್ನೂ ಬರೆದಿಡಬೇಕು. ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ಸ್ಥಾಪಿಸಿ, ಕೋಷ್ಟಕಗಳ ಸಾಲುಗಳನ್ನು ಎಣಿಸಿ, ಮೂಲದೊಡನೆ ಹೋಲಿಸಬೇಕು. ನವೀಕರಣವನ್ನು ಆ ಪ್ರತಿಯ ಮೇಲೆ ಮಾಡಿ, ತಗಲಿದ ಕಾಲವನ್ನು ಗುರುತಿಸಿಕೊಂಡು, ದಿನನಿತ್ಯದ ಕೆಲಸಗಳನ್ನು ಅದರ ಮೇಲೆ ನಡೆಸಿ ನೋಡಬೇಕು. ದೋಷ ಕಂಡರೆ ಗಾಬರಿಯಿಂದ ನಾಲ್ಕು ಕಡೆ ಕೈಯಾಡಿಸಬಾರದು. ಸರ್ವರ್ ತಾನೇ ಬರೆದಿಡುವ ದಿನಚರಿಯನ್ನು ಓದಿ, ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ನೋಡಬೇಕು. ಊಹೆ, ಪ್ರಯೋಗ, ವೀಕ್ಷಣೆ, ನಿರ್ಣಯ ಎಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ಕ್ರಮವೇ ಇದು. ಬೇರೆ ಮಂತ್ರವೇನೂ ಇಲ್ಲ. ಪ್ರತಿಯ ಮೇಲೆ ಎರಡು ಮೂರು ಬಾರಿ ಸುಗಮವಾಗಿ ನಡೆದ ಕೆಲಸವನ್ನು ಅನಂತರ ಮೂಲದ ಮೇಲೆ ಮಾಡಬಹುದು.

ಇಷ್ಟು ಸರಳವಾದ ಕ್ರಮ ಏಕೆ ಆಚರಣೆಗೆ ಬಂದಿಲ್ಲ? ನನಗೆ ತೋರುವ ಕಾರಣ ತಾಂತ್ರಿಕವಾದುದಲ್ಲ, ಮನೋಭಾವಕ್ಕೆ ಸಂಬಂಧಿಸಿದುದು. ಹೊಸದನ್ನು ಕಟ್ಟಿದವರಿಗೆ ಹಾರ ತುರಾಯಿ ಉಂಟು. ಇದ್ದುದನ್ನು ಕಾಪಾಡಿದವರನ್ನು ಕೇಳುವವರಿಲ್ಲ. ಯಂತ್ರವನ್ನು ಕೊಳ್ಳಲು ಹಣ ಮಂಜೂರಾಗುತ್ತದೆ. ಅದರ ಪಾಲನೆಗೆಂದು ವರ್ಷವರ್ಷವೂ ಹಣ ತೆಗೆದಿಡಬೇಕೆಂದರೆ ಹುಬ್ಬು ಗಂಟಿಕ್ಕುತ್ತಾರೆ. ನಮ್ಮ ಪಾಠಕ್ರಮಗಳಲ್ಲಿಯೂ ಹೊಸ ಡೇಟಾಬೇಸನ್ನು ರಚಿಸುವ ವಿಧಾನಕ್ಕೆ ಇರುವ ಗೌರವ, ಬೇರೊಬ್ಬರು ಹತ್ತು ವರ್ಷಗಳ ಹಿಂದೆ ಬಿಟ್ಟುಹೋದುದನ್ನು ಓದಿ, ಅರ್ಥಮಾಡಿಕೊಂಡು, ಕೆಡಿಸದೆ ಮುಂದಕ್ಕೆ ಒಯ್ಯುವ ವಿದ್ಯೆಗೆ ಇಲ್ಲ. ಕಾಲೇಜುಗಳ ಗಣಕ ಪ್ರಯೋಗಶಾಲೆಯಲ್ಲಿ ಹಳೆಯ ಆವೃತ್ತಿಯೊಂದನ್ನು ಕೊಟ್ಟು, ಅದರ ದೋಷಗಳನ್ನು ಪತ್ತೆಮಾಡಿ ಹೊಸ ಆವೃತ್ತಿಗೆ ಏರಿಸಿ ತೋರಿಸಿರಿ ಎಂದು ಒಂದು ಪರೀಕ್ಷೆಯನ್ನಾದರೂ ಇಡುವುದು ಅವಶ್ಯ. ಕೆಲಸಕ್ಕೆ ಸೇರಿದ ಮೇಲೆ ಬಹುಪಾಲು ವಿದ್ಯಾರ್ಥಿಗಳು ಎದುರಿಸುವುದು ಖಾಲಿ ಹಾಳೆಯನ್ನಲ್ಲ, ಇನ್ನೊಬ್ಬರು ಬರೆದು ತುಂಬಿಸಿದ ಹಾಳೆಯನ್ನು.

ಹಳೆಯ ಗುಡಿಯ ಜೀರ್ಣೋದ್ಧಾರ ಮಾಡುವಾಗ ನಮ್ಮ ಹಿರಿಯರು ಮೂರ್ತಿಯನ್ನು ಮೊದಲು ಬಾಲಾಲಯದಲ್ಲಿ ಕಾಪಾಡಿ, ಅನಂತರ ಕಲ್ಲುಗಳಿಗೆ ಕೈ ಹಾಕುತ್ತಿದ್ದರು. ಕಲ್ಲು ಸಡಿಲವಾಗಿದೆ ಎಂದು ಗೊತ್ತಿದ್ದೂ ‘ಇನ್ನೂ ನಿಂತಿದೆಯಲ್ಲ’ ಎಂದು ಸುಮ್ಮನಿದ್ದವರನ್ನು ಯಾರೂ ಬುದ್ಧಿವಂತರೆನ್ನಲಿಲ್ಲ. ಡೇಟಾಬೇಸಿನಲ್ಲಿ ತಂತ್ರಾಂಶ ಗೋಡೆಯಿದ್ದಂತೆ. ಅದನ್ನು ಬದಲಿಸಬಹುದು, ಬದಲಿಸಬೇಕು. ಒಳಗಿರುವ ಹೆಸರು, ಹೊಲ, ಅಂಕ, ಹಣ ಇವು ಜನರವು. ಅವುಗಳಲ್ಲಿ ಒಂದು ಅಕ್ಷರವೂ ಕಳೆಯದಂತೆ ಹೊಸ ಗೋಡೆಯೊಳಗೆ ಸೇರಿಸುವುದು ಬಲ್ಲವರ ಕೆಲಸ. ನಮ್ಮ ತರುಣರು ಆ ಕೆಲಸವನ್ನು ಅಂಜದೆ ಕಲಿಯಲಿ, ಅವಸರವಿಲ್ಲದೆ ಮಾಡಲಿ. ನಾಳೆ ವೆಂಕಟೇಶಯ್ಯನೆಂಬವನು ತನ್ನ ದಾಖಲೆಯನ್ನು ಕೇಳಲು ಬಂದಾಗ ಅವನ ಹೆಸರು ಪೂರ್ತಿಯಾಗಿ ಇರಬೇಕು.